ಬಿಸಿಲಲ್ಲೇ ‘ಮರ್ಕಿ’ ಕಲಿಸಿದ್ದು

ಚಿತ್ರದುರ್ಗದಲ್ಲಿ ಹೈಸ್ಕೂಲು ಮಕ್ಕಳಿಗೆ ಸಂಜೆ ಇಂಗ್ಲಿಷ್ ಪಾಠ ಹೇಳುತ್ತ 14 ವರ್ಷವಾಯಿತು. ‘ಡಾರ್ಕ್’, ‘ಡಿಮ್’ ಎಂದೂ ತೊಂದರೆ ಕೊಟ್ಟಿಲ್ಲ. ‘ಮರ್ಕಿ’ (murky) ಎಂಬ ಪದ ಮಾತ್ರ ಮೂರು ವರ್ಷ ಸತಾಯಿಸಿತು. ‘ಕತ್ತಲೆಯ, ಮಬ್ಬಾದ’ ಎಂದು ಬರೆಸಿದರೆ ಮರುದಿನ ‘ಮರ್ಕಿ ಹೇರ್’, ‘ಮರ್ಕಿ ಶರ್ಟ್’ ಎಂದು ಬರೆದುಕೊಂಡು ಬರುತ್ತಿದ್ದರು. ಚಿತ್ರಪಟ ಮುದ್ರಿಸಲು ಸುಮಾರು 1,800 ರೂಪಾಯಿ ಸುರಿದೆ. ಮಂಜಿನ ಚಿತ್ರ ಬರೀ ಬೂದು ಕಾಗದವಾಗಿ ಬಂತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ದಾರಿ ತೋರಿಸಿದ್ದು ಮಳೆಗಾಲದ ಬಗ್ಗಡದ ನೀರು. ಹಟ್ಟಹಗಲು, ಆದರೂ ಬಿಂದಿಗೆಯ ತಳ ಕಾಣಲಿಲ್ಲ. ಈ ಪದದ ಮೂಲವೆನ್ನುವ ಹಳೆಯ ನಾರ್ಸ್ ಶಬ್ದಕ್ಕೆ ಕತ್ತಲೆ ಎಂದೇ ಅರ್ಥ. ಇಂದಿನ ಬಳಕೆಯಲ್ಲಿ ಕೆಸರು, ಹೊಗೆ, ಮಂಜು ಹೀಗೆ ಏನಾದರೊಂದು ಕಣ್ಣಿಗೆ ಅಡ್ಡ ನಿಂತಿದ್ದರೆ ಪದ ಸರಿಯಾಗಿ ಕೂರುತ್ತದೆ.

ಬರೀ ಕತ್ತಲೆ ಮರ್ಕಿಯಲ್ಲ ಎಂದು ತೋರಿಸಲು ಗುಹೆಗೆ ಹೊರಟೆ. ‘ಒಂದು ಪದಕ್ಕಾಗಿ ಗುಹೆಗೆ ಹೋಗಬೇಕೇ?’ ಎಂದು ಜೊತೆಯ ಮೇಷ್ಟ್ರುಗಳು ಕೇಳಿದರು. 11 ಮಕ್ಕಳನ್ನು ಎರಡು ಆಟೋದಲ್ಲಿ ಚಂದ್ರವಳ್ಳಿಗೆ ಕರೆದೊಯ್ದೆ. ಮಂಡಕ್ಕಿ, ಮಿರ್ಚಿ ಸೇರಿ 600 ರೂಪಾಯಿ ಆಗಿರಬೇಕು. ಅಲ್ಲಿನ ಗುಹೆಯಾದ ಅಂಕಲಿ ಮಠದ ಒಳಕೋಣೆಯಲ್ಲಿ ಟಾರ್ಚ್ ಆರಿಸಿ, ‘ಇದು ಮರ್ಕಿಯೇ?’ ಎಂದೆ. ‘ಹೌದು ಸಾರ್!’ ಟಾರ್ಚ್ ಹಚ್ಚಿದೆ, ಗೋಡೆ ನಿಚ್ಚಳವಾಗಿ ಕಂಡಿತು. ‘ಅಡ್ಡ ಏನಿತ್ತು?’ ‘ಏನೂ ಇಲ್ಲ ಸಾರ್.’ ಹಾಗಾದರೆ ಇದು ‘ಪಿಚ್ ಡಾರ್ಕ್’, ಬರೀ ಕಗ್ಗತ್ತಲೆ ಎಂದೆ.

ಹೊರಗೆ ಬಂದು ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ತಳಕ್ಕೆ ಐದು ರೂಪಾಯಿ ನಾಣ್ಯ ಬಿಟ್ಟು, ಮೇಲಿನಿಂದ ಮಣ್ಣು ಉದುರಿಸಿದೆ. ಮೊದಲು ಅಂಕಿ ಮಸುಕಾಯಿತು, ಆಮೇಲೆ ಅಂಚು, ಕೊನೆಗೆ ನಾಣ್ಯವೇ ಇಲ್ಲ. ‘ಸಾರ್, ಬಿಸಿಲಲ್ಲೇ ಮರ್ಕಿ!’ ಎಂದು ಒಬ್ಬಳು ಕೂಗಿದಳು. ಯಾವ ಮಣ್ಣು, ಎಷ್ಟು ಚಿಟಿಕೆ ಎಂಬುದು ನನ್ನಲ್ಲೇ ಇರಲಿ. ಲೆಕ್ಕ ಕದಡಿದ ವ್ಯವಹಾರ ‘ಮರ್ಕಿ ಡೀಲ್’, ಯಾರಿಗೂ ಸರಿಯಾಗಿ ತಿಳಿಯದ ಹಳೆಯ ಬದುಕು ‘ಮರ್ಕಿ ಪಾಸ್ಟ್’ ಎಂಬುದನ್ನು ಆಮೇಲೆ ಅವರೇ ಹಿಡಿದರು. ವಾರ ಬಿಟ್ಟು ಕೊಟ್ಟ ಪರೀಕ್ಷೆಯಲ್ಲಿ ಒಂಬತ್ತು ಮಂದಿ ಸರಿಯಾಗಿ ಬರೆದರು. ಈ ಊರಿನಲ್ಲಿ ಈ ಪದವನ್ನು ಇಷ್ಟು ಗಟ್ಟಿಯಾಗಿ ಕಲಿತ ಮಕ್ಕಳು ಬೇರೆ ಇರಲಾರರು.

ಅದೇ ಗುಹೆಯಲ್ಲಿ ‘ಗ್ಲೂಮಿ’ಯನ್ನೂ ಕಲಿಸಲು ಹೋಗಿ ಸೋತೆ. ಆ ಪದದಲ್ಲಿ ಮಬ್ಬಿನ ಜೊತೆಗೆ ಮನಸ್ಸಿನ ಮಂಕೂ ಇದೆ. ಮಕ್ಕಳೋ ಕೂಗಿ ಕೂಗಿ ಪ್ರತಿಧ್ವನಿ ಎಬ್ಬಿಸಿ ಕುಣಿಯುತ್ತಿದ್ದರು. ಅದಕ್ಕೆ ಜಡಿಮಳೆ ಹಿಡಿದು ಕರೆಂಟು ಹೋದ ಸಂಜೆಯೊಂದು ಬೇಕು, ಕಾಯುತ್ತಿದ್ದೇನೆ.