ನೆಟ್ ಇಲ್ಲದ ದಿನವೂ ತೆರೆಯುವ ಗೇಮ್: ಕೊಳ್ಳುವ ಮುಂಚೆ, ಕೊಂಡ ಮೇಲೆ ಮಾಡಬೇಕಾದ ಕೆಲಸ

ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಕೊಯ್ಲು ಶುರುವಾದರೆ ಹಾಜರಿ, ತೂಕ, ಬಟವಾಡೆ ಅಂತ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಮಳೆಗಾಲದ ಸಂಜೆಗಳು ಮಾತ್ರ ನನ್ನವು. ಕ್ವಾರ್ಟರ್ಸ್‌ನಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಇನ್ವರ್ಟರ್, ಗೇಮ್.

ಹೋದ ವರ್ಷ ಪುನರ್ವಸು ಮಳೆಗೆ ಸಿಲ್ವರ್ ಮರ ಬಿದ್ದು ಕರೆಂಟಿನ ಲೈನ್ ಹರಿಯಿತು. ಹಿಂದೆಯೇ ಟವರೂ ಹೋಯಿತು. ಐದು ದಿನ ನೆಟ್ ಇಲ್ಲ. ತೋಟದ ಜನರೇಟರ್ ಸಂಜೆ ಎರಡು ಗಂಟೆ ಓಡುತ್ತಿದ್ದರಿಂದ ಇನ್ವರ್ಟರ್ ಚಾರ್ಜ್ ಆಗುತ್ತಿತ್ತು. ಗೇಮ್ ತೆರೆದೆ. ಒಬ್ಬನೇ ಆಡುವ ಗೇಮ್ ಅದು, ಬೇರೆ ಯಾರ ಹಂಗೂ ಬೇಕಿಲ್ಲ. ಆದರೂ ‘ಇಂಟರ್ನೆಟ್‌ಗೆ ಸೇರಿಕೊಂಡು ಖರೀದಿಯನ್ನು ಖಚಿತಪಡಿಸಿ’ ಅನ್ನುವ ಚೌಕ ಬಂದು ನಿಂತಿತು. ಐದೂ ದಿನ ಅದೇ. ಎರಡು ಸಾವಿರ ರೂಪಾಯಿ ಕೊಟ್ಟಿದ್ದೆ. ತುಂಬಾ ಬೇಜಾರಾಯಿತು.

ಹಾಸನದಲ್ಲಿ ಡಿಪ್ಲೊಮಾ ಓದುವ ಚಿಕ್ಕಪ್ಪನ ಮಗ ಮೊನ್ನೆ ಫೋನ್ ಮಾಡಿ, ‘ಅಣ್ಣಾ, ಸೇಲ್ ಬಂದಿದೆ, ಯಾವುದು ತಗೊಳ್ಳಲಿ?’ ಅಂದ. ‘ಹೇಗೆ ತಗೋಬೇಕು ಅಂತ ಮೊದಲು ಬರೆದು ಕಳಿಸ್ತೀನಿ, ತಡಿ’ ಅಂದೆ. ಅವನಿಗೆ ಬರೆದದ್ದೇ ಇದು.

ಬಹುಪಾಲು ಅಂಗಡಿಗಳಲ್ಲಿ ದುಡ್ಡು ಕಟ್ಟಿದರೆ ಸಿಗುವುದು ಲೈಸೆನ್ಸ್, ಅಂದರೆ ಆಡಲು ಅನುಮತಿ. 2024ರ ಅಕ್ಟೋಬರ್‌ನಿಂದ, ಕಂಪ್ಯೂಟರ್ ಗೇಮ್ ಮಾರುವ ದೊಡ್ಡ ಆನ್‌ಲೈನ್ ಅಂಗಡಿ ಸ್ಟೀಮ್ ತನ್ನ ಕಾರ್ಟ್ ಪುಟದಲ್ಲೇ ಇದನ್ನು ಬರೆದು ತೋರಿಸುತ್ತಿದೆ. ಅನುಮತಿ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಯೂಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ನೋಡಿ. 2014ರ ಕಾರ್ ರೇಸ್ ಗೇಮ್ ಅದು. ಒಬ್ಬರೇ ಆಡಿದರೂ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು. ಡಿಸ್ಕ್ ಕೊಂಡು ಬೀರುವಿನಲ್ಲಿ ಇಟ್ಟುಕೊಂಡವರ ಕೈಯಲ್ಲೂ ಬರೀ ಡಿಸ್ಕ್ ಉಳಿಯಿತು. ಕಂಪನಿ ಕೈಬಿಟ್ಟ ಮೇಲೂ ಕೊಂಡ ಗೇಮ್ ಆಡುವಂತಿರಬೇಕು ಅನ್ನುವ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಶುರುವಾಗಿದ್ದು ಆಗಲೇ. 2025ರ ಜುಲೈನಲ್ಲಿ ಯುರೋಪಿನಲ್ಲಿ ಅವರ ಮನವಿಗೆ 10 ಲಕ್ಷ ಸಹಿ ದಾಟಿತು. ನನಗೆ ಅದು ನ್ಯಾಯವಾದ ಬೇಡಿಕೆ ಅನ್ನಿಸುತ್ತದೆ.

ಈಗ ಕೆಲಸಕ್ಕೆ ಬರೋಣ. ಸ್ಟೀಮ್‌ನಲ್ಲಿ ಗೇಮ್‌ನ ಪುಟ ತೆರೆದರೆ ಬಲಗಡೆ ಸಣ್ಣ ಪಟ್ಟಿ ಇರುತ್ತದೆ. ಅಲ್ಲಿ ಡಿಆರ್‌ಎಂ (ನಕಲು ತಡೆಯಲು ಗೇಮ್‌ಗೆ ಹಾಕುವ ಬೀಗ), ಅಂಥದ್ದೇ ಒಂದು ಬೀಗವಾದ ಡೆನುವೊ, ಇಲ್ಲವೇ ಬೇರೆ ಕಂಪನಿಯ ಅಕೌಂಟ್ ಬೇಕು ಅಂತ ಕಂಡರೆ ಕೈ ತಡೆಯಿರಿ. ಅದೇ ಗೇಮ್ ಜಿಒಜಿಯಲ್ಲಿ (GOG, ಆ ಬೀಗವಿಲ್ಲದೆ ಗೇಮ್ ಮಾರುವ ಇನ್ನೊಂದು ಆನ್‌ಲೈನ್ ಅಂಗಡಿ) ಇದೆಯಾ ಅಂತ ಹುಡುಕಿ. ಇದ್ದರೆ ಸ್ವಲ್ಪ ಜಾಸ್ತಿ ಆದರೂ ನಾನು ಅಲ್ಲೇ ಕೊಳ್ಳುತ್ತೇನೆ.

ಸ್ಟೀಮ್‌ನಲ್ಲೇ ಕೊಂಡಿರಾ? ಅವತ್ತೇ ಪರೀಕ್ಷೆ ಮಾಡಿ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ನೆಟ್ ಇರುವಾಗ ಒಮ್ಮೆ ಗೇಮ್ ತೆರೆಯಿರಿ, ಮೊದಲ ಸೇವ್ (ಆಟ ಎಲ್ಲಿವರೆಗೆ ಬಂತು ಅನ್ನುವ ದಾಖಲೆ) ಆಗುವವರೆಗೆ ಆಡಿ, ಮುಚ್ಚಿ. ಸ್ಟೀಮ್ ಮೆನುವಿನಲ್ಲಿ ‘ಗೋ ಆಫ್‌ಲೈನ್’ ಒತ್ತಿ. ವೈಫೈ ಆರಿಸಿ, ಫೋನಿನ ಹಾಟ್‌ಸ್ಪಾಟ್ ಕೂಡ. ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಹಾಕಿ. ಸುಮ್ನೆ ಮಡಚಿ ಬಿಚ್ಚಿದರೆ ಆಗುವುದಿಲ್ಲ. ಈಗ ಗೇಮ್ ತೆರೆದು ನಿಮ್ಮ ಸೇವ್ ಬಂತಾ ನೋಡಿ. ನೆಟ್ ಕೇಳಿದರೆ ಅವತ್ತು ರಾತ್ರಿಯೇ ರಿಫಂಡ್ ಹಾಕಿ, ನಾಳೆ ನೋಡೋಣ ಅನ್ನಬೇಡಿ.

ತೆರೆದರೆ ಇನ್ನೊಂದು ಹೆಜ್ಜೆ. ಸ್ಟೀಮ್ ಅನ್ನೇ ಪೂರ್ತಿ ಮುಚ್ಚಿ, ಗೇಮ್ ಇರುವ ಫೋಲ್ಡರ್‌ಗೆ ಹೋಗಿ ಅದನ್ನು ಶುರು ಮಾಡುವ ಇಎಕ್ಸ್‌ಇ (.exe) ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಸ್ಟೀಮ್ ಎದ್ದು ಬರದೆ ಗೇಮ್ ಓಡಿದರೆ ಆ ಇಡೀ ಫೋಲ್ಡರ್ ನಕಲು ಮಾಡಿ ಇಟ್ಟುಕೊಳ್ಳಬಹುದು. ಇಂಥ ಗೇಮ್‌ಗಳೂ ಇವೆ.

ಜಿಒಜಿಯಲ್ಲಿ ಕೊಂಡವರು ಹೆಚ್ಚಾಗಿ ತಪ್ಪುವುದು ಒಂದೇ ಕಡೆ. ಕೊಂಡು, ಅವರ ಗ್ಯಾಲಕ್ಸಿ ಆಪ್‌ನಿಂದ ಇನ್‌ಸ್ಟಾಲ್ ಮಾಡಿ, ಅಷ್ಟಕ್ಕೇ ಬಿಡುತ್ತಾರೆ. ಇನ್‌ಸ್ಟಾಲರ್, ಅಂದರೆ ಗೇಮನ್ನು ಕಂಪ್ಯೂಟರಿಗೆ ಹಾಕುವ ಫೈಲ್, ಅವರ ಸರ್ವರ್‌ನಲ್ಲೇ ಉಳಿಯಿತು ಅಲ್ವಾ? ನಿಮ್ಮ ಅಕೌಂಟಿನ ಲೈಬ್ರರಿಗೆ ಹೋಗಿ, ಗೇಮ್ ಮೇಲೆ ಒತ್ತಿ, ಆಫ್‌ಲೈನ್ ಬ್ಯಾಕಪ್ ಇನ್‌ಸ್ಟಾಲರ್ ಇಳಿಸಿಕೊಳ್ಳಿ. ದೊಡ್ಡ ಗೇಮ್ ಆದರೆ ಒಂದು ಸೆಟಪ್ ಫೈಲ್, ಜೊತೆಗೆ ಹಲವು ಬಿನ್ ಫೈಲ್ ಇರುತ್ತವೆ. ಎಲ್ಲವೂ ಒಂದೇ ಫೋಲ್ಡರ್‌ನಲ್ಲಿರಬೇಕು, ಒಂದು ಕಮ್ಮಿಯಾದರೂ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ. ಡಿಎಲ್‌ಸಿ (ಗೇಮ್‌ಗೆ ಸೇರಿಸುವ ಹೆಚ್ಚುವರಿ ಭಾಗ) ಬೇರೆ ಫೈಲ್, ಮರೆಯಬೇಡಿ. ಕಾಗದದ ಮೇಲೆ ಇಲ್ಲೂ ಲೈಸೆನ್ಸೇ, ಹಂಚಲು ಮಾರಲು ಹಕ್ಕಿಲ್ಲ. ಆದರೆ ನಿಮ್ಮ ಡಬ್ಬಿಯಲ್ಲಿರುವ ಇನ್‌ಸ್ಟಾಲರ್ ಓಡಲು ಯಾರ ಸರ್ವರೂ ಬೇಡ.

ಡಬ್ಬಿ ಅಂದೆ, ಅದನ್ನೂ ಹೇಳುತ್ತೇನೆ. ನಮ್ಮ ಕಡೆಯ ಶೀತಕ್ಕೆ ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ನನ್ನ ಹಳೆಯ ಸಿಡಿಗಳ ಮೇಲೆ ಬಿಳಿ ಚುಕ್ಕೆ ಎದ್ದು ಎಷ್ಟೋ ಹಾಳಾದವು. ಈಗ ಹಾರ್ಡ್ ಡಿಸ್ಕನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಹೊಸ ಶೂ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ. ಇನ್ನೊಂದು ನಕಲು ಚಿಕ್ಕಮಗಳೂರಿನ ಅಕ್ಕನ ಮನೆಯಲ್ಲಿದೆ. ಡಿಸ್ಕನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಹಳೆಯ ಫಾರ್ಮ್ಯಾಟ್ ಆದ ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ.

ಸೇವ್ ಫೈಲ್ ಬೇರೆ ಜಾಗದಲ್ಲಿರುತ್ತದೆ. ‘ಸ್ಟಾರ್‌ಡ್ಯೂ ವ್ಯಾಲಿ’ ಗೇಮ್‌ನದ್ದು ವಿಂಡೋಸ್‌ನ ಆಪ್‌ಡೇಟಾದ ರೋಮಿಂಗ್ ಫೋಲ್ಡರ್‌ನಲ್ಲಿ, ಕೆಲವು ಗೇಮ್‌ನದ್ದು ಡಾಕ್ಯುಮೆಂಟ್ಸ್‌ನಲ್ಲಿ. ಹುಡುಕಿ ಅದೂ ನಕಲು ಮಾಡಿ.

ಕನ್ಸೋಲ್‌ನವರಿಗೆ ಒಂದು ಮಾತು. ನಿಂಟೆಂಡೊ ಸ್ವಿಚ್ 2ರ ‘ಗೇಮ್ ಕೀ ಕಾರ್ಡ್’ ಒಳಗೆ ಗೇಮ್ ಇರುವುದಿಲ್ಲ, ಕೀಲಿ ಮಾತ್ರ. ಗೇಮ್ ನೆಟ್‌ನಿಂದಲೇ ಇಳಿಯಬೇಕು. ಪೆಟ್ಟಿಗೆ ಮೇಲೆ ಬರೆದಿರುತ್ತದೆ, ಓದಿ ಕೊಳ್ಳಿ.

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ನಾನು ಒಂದು ಗೇಮ್ ಅಳಿಸಿ, ವೈಫೈ ಆರಿಸಿ, ಡಬ್ಬಿಯ ಡಿಸ್ಕ್‌ನಿಂದ ಮತ್ತೆ ಹಾಕಿ ನೋಡುತ್ತೇನೆ. ಓಡಿದರೆ ಡಬ್ಬಿಗೆ ಪಟ್ಟಿ ಅಂಟಿಸಿ ತಾರೀಕು ಬರೆಯುತ್ತೇನೆ. ತಮ್ಮಾ, ನೀನು ಹಬ್ಬಕ್ಕೆ ಬರುವಾಗ ಖಾಲಿ ಹಾರ್ಡ್ ಡಿಸ್ಕ್ ತಗೊಂಡು ಬಾ. ಅಕ್ಕನ ಮನೆ ಫೈಬರ್‌ನಲ್ಲಿ ರಾತ್ರಿ ಹಾಕಿದರೆ ನೀನು ಕೊಂಡ ಗೇಮ್‌ಗಳು ಬೆಳಿಗ್ಗೆಯೊಳಗೆ ಇಳಿದಿರುತ್ತವೆ.