ವಿಡಿಯೊದ ಜಪಾನ್, ಬಾಡಿಗೆ ಮನೆಯ ಜಪಾನ್: ಹೊಸಬರಿಗೆ ಮಾರ್ಗದರ್ಶಿ

ಅನಿಮೆ ನೋಡಿ, ವಿಡಿಯೊ ನೋಡಿ ಜಪಾನಿನ ಹುಚ್ಚು ಹಿಡಿಸಿಕೊಂಡು ಬರುವವರು ನಮ್ಮವರಲ್ಲೂ ಇದ್ದಾರೆ. ಮಕ್ಕಳಂತೂ ಬಹುಪಾಲು ಹಾಗೆಯೇ. ಹತ್ತಾರು ಗುಂಡಿಗಳಿರುವ ಶೌಚಾಲಯ, ಹುಡುಕಿದರೂ ಸಿಗದ ಕಸದ ಡಬ್ಬಿ, ದೊಡ್ಡವರಿಲ್ಲದೆ ಶಾಲೆಗೆ ನಡೆದು ಹೋಗುವ ಆರು ವರ್ಷದ ಪುಟಾಣಿಗಳು, ಸಂಜೆಯಾದರೆ ಕಂಬದ ಮೇಲಿನ ಸ್ಪೀಕರಿನಿಂದ ಬರುವ ಹಾಡು: ದೂರದಿಂದ ನೋಡುವವರಿಗೆ ಇವೆಲ್ಲ ವಿಚಿತ್ರ, ಚಂದ. ಮನೆ ಹಿಡಿದು ಸಂಸಾರ ಹೂಡುವವರಿಗೆ ಇವೇ ದಿನದ ನಿಯಮಗಳು. ಇವುಗಳ ಹಿಂದೆ ಗಹನವಾದದ್ದೇನೂ ಇಲ್ಲ. ಕಾಗೆ, ಭೂಕಂಪ, ತೆಳು ಗೋಡೆ, 100 ವೋಲ್ಟ್ ಕರೆಂಟು, ಇಂಥ ಸಾದಾ ಕಾರಣಗಳಿವೆ. ಕಾರಣ ತಿಳಿದರೆ ನಿಯಮ ಮರೆಯುವುದಿಲ್ಲವೆಂದು ಎರಡನ್ನೂ ಜೊತೆಗೇ ಹೇಳುತ್ತಿದ್ದೇವೆ. ಟೋಕಿಯೊದ ನಿಶಿಕಸಾಯ್ ಸುತ್ತಮುತ್ತ ಇಳಿಯುವ ಭಾರತೀಯ ಕುಟುಂಬಗಳು ಹೆಚ್ಚಾದ್ದರಿಂದ ವಿವರಗಳು ಟೋಕಿಯೊ ಕಡೆಯವು.

ಹೊರಡುವ ಮುನ್ನ, ಬಂದ ಮೇಲೆ

ಔಷಧಿಯ ವಿಷಯದಲ್ಲಿ ಉದಾಸೀನ ಬೇಡ. ವೈದ್ಯರು ಬರೆದುಕೊಟ್ಟ ಮಾತ್ರೆ ಒಂದು ತಿಂಗಳಿಗೆ ಆಗುವಷ್ಟು, ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಔಷಧಿ ಎರಡು ತಿಂಗಳಿಗೆ ಆಗುವಷ್ಟು ತರಬಹುದು. ಅದಕ್ಕಿಂತ ಹೆಚ್ಚಿಗೆ ಬೇಕಾದರೆ ಮುಂಚಿತವಾಗಿ ಆಮದು ದೃಢೀಕರಣ ಪತ್ರ ಪಡೆಯಬೇಕು. ನಮ್ಮಲ್ಲಿ ಸಲೀಸಾಗಿ ಸಿಗುವ ಕೆಲವು ನೆಗಡಿ, ಕೆಮ್ಮಿನ ಔಷಧಿಗಳಲ್ಲಿರುವ ಸೂಡೋಎಫೆಡ್ರಿನ್, ಕೋಡೀನ್ ಇಲ್ಲಿ ಕಟ್ಟುನಿಟ್ಟಿನ ವಸ್ತುಗಳು. ಹಸಿ ಕರಿಬೇವು, ಬಿತ್ತನೆ ಬೀಜ, ಗಿಡವನ್ನು ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ತರುವಂತಿಲ್ಲ. ಚಟ್ನಿಪುಡಿ, ಸಾರಿನ ಪುಡಿಗೆ ಆ ತಕರಾರಿಲ್ಲ.

ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಳಿದಾಗಲೇ ನಿವಾಸ ಕಾರ್ಡು ಕೈಗೆ ಕೊಡುತ್ತಾರೆ. ಮನೆ ಗೊತ್ತಾದ 14 ದಿನದೊಳಗೆ ವಾರ್ಡ್ ಕಚೇರಿಗೆ ಹೋಗಿ ಅದರ ಹಿಂಬದಿಯಲ್ಲಿ ವಿಳಾಸ ಬರೆಸಬೇಕು. 16 ತುಂಬಿದವರು ಕಾರ್ಡನ್ನು ಸದಾ ಜೇಬಿನಲ್ಲೇ ಇಟ್ಟಿರಬೇಕು.

ಕನ್ನಡಿಗರು ಎಡವುವುದು ಹೆಸರಿನಲ್ಲಿ. ಕಾರ್ಡಿನ ಮೇಲೆ ಪಾಸ್‌ಪೋರ್ಟಿನ ಇಂಗ್ಲಿಷ್ ಅಕ್ಷರಗಳೇ ಇರುತ್ತವೆ, ಆದರೆ ಬ್ಯಾಂಕು, ಫೋನು, ವಿಮೆ ಎಲ್ಲಕ್ಕೂ ಕಟಕಾನಾ ಲಿಪಿಯಲ್ಲಿ ಬರೆಯಬೇಕು. ಕಟಕಾನಾದಲ್ಲಿ ಲ, ಳ, ರ ಮೂರೂ ಒಂದೇ. ‘ವ’ ಎಷ್ಟೋ ಸಲ ‘ಬ’ ಆಗುತ್ತದೆ. ಲಕ್ಷ್ಮಿ ‘ರಾಕುಶುಮಿ’, ವೆಂಕಟೇಶ ‘ಬೆಂಕಾತೇಶು’. ವಾರ್ಡಿನಲ್ಲಿ ಒಂದು ಬಗೆ, ಬ್ಯಾಂಕಿನಲ್ಲಿ ಇನ್ನೊಂದು ಬಗೆ ಬರೆದರೆ ಸಂಬಳ ಖಾತೆಗೆ ಬೀಳದೆ ವಾಪಸಾಗುತ್ತದೆ. ಮೊದಲ ದಿನವೇ ಒಂದು ರೂಪ ಗೊತ್ತು ಮಾಡಿ, ದೀರ್ಘ ಸ್ವರ ತೋರಿಸುವ ಗೆರೆ ಸಮೇತ ಚೀಟಿಯಲ್ಲಿ ಬರೆದಿಟ್ಟುಕೊಂಡು ಎಲ್ಲೆಡೆ ಅದನ್ನೇ ಕೊಡಿ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಊರಿನ ಹೆಸರು ಬಿಡಿಸಿ ಬರೆದಿದ್ದರೆ ಯಾವುದನ್ನೂ ಬಿಡದೆ, ಅದೇ ಕ್ರಮದಲ್ಲಿ ಬರೆಯಿರಿ.

ಮನೆ ಹಿಡಿಯುವಾಗ ಬಾಡಿಗೆಗಿಂತ ಮೊದಲ ಕಂತು ದೊಡ್ಡದು: ಶಿಕಿಕಿನ್ (ಮುಂಗಡ), ರೇಕಿನ್ (ಮಾಲೀಕರಿಗೆ ಕಾಣಿಕೆ, ವಾಪಸು ಬರುವುದಿಲ್ಲ), ಏಜೆಂಟರ ಶುಲ್ಕ, ಜಾಮೀನು ಕಂಪನಿಯ ಶುಲ್ಕ, ಬೆಂಕಿ ವಿಮೆ. ಎಲ್ಲ ಸೇರಿ ನಾಲ್ಕೈದು ತಿಂಗಳ ಬಾಡಿಗೆಯಷ್ಟಾದರೆ ಮೋಸವೆಂದುಕೊಳ್ಳಬೇಡಿ. ಯುಆರ್ (ಅರೆಸರ್ಕಾರಿ ವಸತಿ ಸಂಸ್ಥೆ) ಮನೆಗಳಿಗೆ ರೇಕಿನ್ ಇಲ್ಲ, ಏಜೆಂಟರ ಶುಲ್ಕ ಇಲ್ಲ, ಜಾಮೀನುದಾರರೂ ಬೇಡ. ಸಂಸಾರಸ್ಥರು ಮೊದಲು ಅಲ್ಲಿ ವಿಚಾರಿಸುವುದು ಲೇಸು. ಕಟ್ಟಡ 1981ರ ಜೂನ್ ನಂತರದ ಭೂಕಂಪ ನಿಯಮದಂತೆ ಕಟ್ಟಿದ್ದೇ ಎಂದು ಕೇಳಿ.

ಹೊಸ್ತಿಲು, ಬಚ್ಚಲು

ಚಪ್ಪಲಿ ಬಿಟ್ಟು ಒಳಗೆ ಹೋಗುವುದು ನಮಗೆ ಯಾರೂ ಕಲಿಸಬೇಕಿಲ್ಲ. ಕಲಿಯಬೇಕಾದದ್ದು ಬಿಡುವ ಜಾಗ. ನಾವು ಬಾಗಿಲ ಹೊರಗೆ ಬಿಡುತ್ತೇವೆ. ಇಲ್ಲಿ ಬಾಗಿಲ ಒಳಗೆ, ಗೆಂಕಾನ್ ಎಂಬ ತಗ್ಗಿನಲ್ಲಿ ಬಿಡಬೇಕು. ಹೊರಗಿನ ಕಾರಿಡಾರು ಬೆಂಕಿ ಬಿದ್ದಾಗ ಓಡುವ ದಾರಿ, ಅಲ್ಲಿ ಚಪ್ಪಲಿ ಸ್ಟ್ಯಾಂಡು, ಸೈಕಲ್ಲು ಇಟ್ಟರೆ ನೋಟೀಸು ಬರುತ್ತದೆ. ಬಾಲ್ಕನಿಯಲ್ಲಿ ಪಕ್ಕದ ಮನೆಗೂ ನಿಮಗೂ ನಡುವೆ ಇರುವ ತೆಳು ಹಲಗೆಯೂ ಅಂಥದ್ದೇ: ಆಪತ್ತಿನಲ್ಲಿ ಒದ್ದು ಮುರಿದು ಆಚೆ ಹೋಗಲೆಂದು ಇಟ್ಟದ್ದು. ಅದಕ್ಕೆ ಒರಗಿಸಿ ಅಕ್ಕಿ ಮೂಟೆ ಪೇರಿಸಬೇಡಿ. ತಾತಾಮಿ ಚಾಪೆಯ ಮೇಲೆ ಬರಿಗಾಲು ಅಥವಾ ಕಾಲುಚೀಲ, ಮನೆಯೊಳಗಿನ ಸ್ಲಿಪ್ಪರೂ ಕೂಡದು. ಶೌಚಾಲಯದೊಳಗಿನ ಸ್ಲಿಪ್ಪರು ಅಲ್ಲಿಗೆ ಮಾತ್ರ. ಅದನ್ನು ಹಾಕಿಕೊಂಡೇ ನಡುಮನೆಗೆ ಬರುವುದು ಹೊಸಬರೆಲ್ಲ ಮಾಡುವ ತಪ್ಪು.

ಇಲ್ಲಿನ ಸ್ನಾನದ ಕೋಣೆ ನಮ್ಮ ಹಳೆಯ ಬಚ್ಚಲುಮನೆಯ ನೆಂಟ. ಹೆಚ್ಚಿನ ಕುಟುಂಬದ ಮನೆಗಳಲ್ಲಿ ಶೌಚಾಲಯ ಬೇರೆಯೇ ಇರುತ್ತದೆ. ನೆಲದ ಮೇಲೆ ಕೂತು, ನೀರು ಹುಯ್ದುಕೊಂಡು, ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡ ಮೇಲೆ ತೊಟ್ಟಿಗೆ ಇಳಿಯುವುದು. ತೊಟ್ಟಿ ಮೈ ತೊಳೆಯುವುದಕ್ಕಲ್ಲ, ಮೈ ಕಾಯಿಸುವುದಕ್ಕೆ. ಒಂದೇ ನೀರಿನಲ್ಲಿ ಮನೆಮಂದಿಯೆಲ್ಲ ಸರದಿಯಂತೆ ಇಳಿಯುತ್ತಾರೆ, ಉಳಿದದ್ದನ್ನು ಎಷ್ಟೋ ಮನೆಗಳಲ್ಲಿ ಬಟ್ಟೆ ಒಗೆಯಲು ಬಳಸುತ್ತಾರೆ. ಯಾರ ಮನೆಗಾದರೂ ಅತಿಥಿಯಾಗಿ ಹೋದರೆ ನಿಮಗೇ ಮೊದಲ ಸರದಿ. ಸ್ನಾನವಾದ ಮೇಲೆ ನೀರು ಬಿಟ್ಟುಬಿಡಬೇಡಿ, ಮುಚ್ಚಳ ಹಾಕಿ ಬನ್ನಿ.

ಶೌಚಾಲಯದ ಗುಂಡಿಗಳಲ್ಲಿ ಮೊದಲು ಗುರುತಿಸಿಕೊಳ್ಳಬೇಕಾದದ್ದು ಚೌಕದ ಗುರುತಿರುವ ‘ನಿಲ್ಲಿಸು’ ಗುಂಡಿ. ನೀರು ಹರಿಸಲು ‘ದಾಯ್’ ಎಂದರೆ ಹೆಚ್ಚು, ‘ಶೊ’ ಎಂದರೆ ಕಡಿಮೆ. ಸಾರ್ವಜನಿಕ ಶೌಚಾಲಯದಲ್ಲಿ ಗೋಡೆಯ ಮೇಲಿನ ಕೆಂಪು ಅಥವಾ ಕಿತ್ತಳೆ ಗುಂಡಿ ನೀರಿನದ್ದಲ್ಲ, ತುರ್ತು ಕರೆಯದ್ದು. ಟಾಯ್ಲೆಟ್ ಕಾಗದವನ್ನು ಬುಟ್ಟಿಗೆ ಹಾಕದೆ ಕಮೋಡಿಗೇ ಹಾಕಬೇಕು, ಅದು ನೀರಿನಲ್ಲಿ ಕರಗುತ್ತದೆ.

ಮಿಕ್ಸಿ, ಒಗ್ಗರಣೆ, ದೋಸೆ ಹಿಟ್ಟು

ಇಲ್ಲಿ ಕರೆಂಟು 100 ವೋಲ್ಟ್. ಊರಿನಿಂದ ತಂದ 230 ವೋಲ್ಟಿನ 750 ವಾಟ್ ಮಿಕ್ಸಿಗೆ ಬರೀ ಪ್ಲಗ್ ಅಡಾಪ್ಟರ್ ಹಾಕಿದರೆ ಬ್ಲೇಡು ನಿಧಾನ ತಿರುಗಿ, ಕಾಯಿ ಚಟ್ನಿಯಲ್ಲಿ ಸಿಕ್ಕಿಕೊಂಡು, ಮೋಟಾರು ಕಾದು ವಾಸನೆ ಬರುತ್ತದೆ. ಅದಕ್ಕೆ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಮಿಕ್ಸಿಯ ಎರಡರಷ್ಟು, ಅಂದರೆ 1500 ವಾಟಿನದು. ಭಾರವಾದ ಡಬ್ಬ ಅದು. ಅದರ ಬದಲು ಅಮೆರಿಕಕ್ಕೆಂದು ಮಾಡುವ 110 ವೋಲ್ಟಿನ ಮಿಕ್ಸಿ ತಂದರೆ ಶಕ್ತಿ ತುಸು ಕಡಿಮೆಯಾದರೂ ಕೆಲಸ ನಡೆಯುತ್ತದೆ. ಪೂರ್ವ ಜಪಾನಿನಲ್ಲಿ 50 ಹರ್ಟ್ಸ್, ಒಸಾಕಾ ಕಡೆ 60. ಮೇಜಿ ಕಾಲದಲ್ಲಿ (ಹತ್ತೊಂಬತ್ತನೆಯ ಶತಮಾನದ ಕೊನೆಗೆ) ಟೋಕಿಯೊದವರು ಜರ್ಮನಿಯಿಂದಲೂ ಒಸಾಕಾದವರು ಅಮೆರಿಕದಿಂದಲೂ ಜನರೇಟರ್ ತರಿಸಿದ್ದರ ಫಲ ಇದು, ಇಂದಿಗೂ ಸರಿಹೋಗಿಲ್ಲ. ಮಿಕ್ಸಿಗೆ ಇದರಿಂದ ತೊಂದರೆಯಿಲ್ಲ; ವೆಟ್ ಗ್ರೈಂಡರಿನ ಮೋಟಾರು ಮಾತ್ರ ಒಸಾಕಾದಲ್ಲಿ ಹೆಚ್ಚು ವೇಗವಾಗಿ ತಿರುಗುತ್ತದೆ.

ಒಂದು ಸಾಕೆಟ್ಟಿನಿಂದ 1500 ವಾಟಿಗಿಂತ ಹೆಚ್ಚು ಎಳೆಯಬಾರದು. ಮನೆಯ ಒಟ್ಟು ಕರಾರು 30 ಆಂಪಿಯರ್ ಇದ್ದರೆ ಒಟ್ಟು 3000 ವಾಟ್. ಎಸಿ, ಮೈಕ್ರೊವೇವ್, ರೈಸ್ ಕುಕ್ಕರ್ ಮೂರೂ ಒಟ್ಟಿಗೆ ಹಾಕಿದರೆ ಕರೆಂಟು ಹೋಗುವುದು ಖಚಿತ. ಹಾಗೆ ಹೋದಾಗ ಒಂದನ್ನು ಆರಿಸಿ ಬ್ರೇಕರ್ ಎತ್ತಿದರೆ ಸಾಕು.

ಗ್ಯಾಸ್ ಒಲೆ ಕೊಳ್ಳುವ ಮೊದಲು ಮನೆಗೆ ಬರುವುದು ‘ತೊಶಿ’ ಗ್ಯಾಸೋ (ಪೈಪಿನದು), ಪ್ರೊಪೇನೋ ಎಂದು ಕೇಳಿಕೊಳ್ಳಿ. ಒಂದರ ಒಲೆ ಇನ್ನೊಂದಕ್ಕೆ ಹಾಕಿದರೆ ಅಪಾಯ. ಐಎಚ್ (ಇಂಡಕ್ಷನ್) ಒಲೆಯಿದ್ದರೆ ತಳ ಸಮನಾಗಿರುವ, ಆಯಸ್ಕಾಂತ ಅಂಟುವ ಕುಕ್ಕರು ಬೇಕು; ಅಲ್ಯೂಮಿನಿಯಂ ಕುಕ್ಕರು ಸಾಮಾನ್ಯ ಐಎಚ್ ಮೇಲೆ ಕಾಯುವುದಿಲ್ಲ. ಒಗ್ಗರಣೆಗೆ ಎಣ್ಣೆ ಇಡುವ ಮೊದಲೇ ಫ್ಯಾನು ಹಾಕಿ. ಹೊಗೆ ಕಂಡರೆ ಅಲಾರಂ ಕೂಗುವುದು ಒಂದು ತೊಂದರೆಯಾದರೆ, ಇಂಗು, ಅರಿಸಿನ, ಎಣ್ಣೆ ಜಿಡ್ಡು ಗೋಡೆ ಕಾಗದಕ್ಕೆ ಹಿಡಿದು ಮನೆ ಬಿಡುವಾಗ ಶಿಕಿಕಿನ್‌ನಲ್ಲಿ ಕಡಿತವಾಗುವುದು ಇನ್ನೊಂದು. ಒಲೆಯ ಸುತ್ತ ಅಂಟಿಸುವ ಅಲ್ಯೂಮಿನಿಯಂ ತಡೆ 100 ಯೆನ್ ಅಂಗಡಿಯಲ್ಲೇ ಸಿಗುತ್ತದೆ.

ಇಲ್ಲಿನ ರೈಸ್ ಕುಕ್ಕರಿನ ಅಳತೆ ಲೋಟ 180 ಮಿಲಿ. ಒಳಗಿನ ನೀರಿನ ಗೆರೆ ಅಂಟುವ ಜಪಾನಿ ಅಕ್ಕಿಗೆ. ಸೋನಾ ಮಸೂರಿಗೆ ಆ ನೀರು ಸಾಲದು, ಒಂದಕ್ಕೆ ಎರಡರಂತೆ ಹಾಕಿ. ಜಪಾನಿ ಅಕ್ಕಿಯಲ್ಲಿ ಚಿತ್ರಾನ್ನ ಮುದ್ದೆಯಾಗುತ್ತದೆ, ಮೊಸರನ್ನ ಮಾತ್ರ ಬಲು ಹಿತ. ದೋಸೆ ಹಿಟ್ಟು ಆಗಸ್ಟಿನಲ್ಲಿ ಆರೆಂಟು ತಾಸಿಗೆ ಉಕ್ಕುತ್ತದೆ, ಜನವರಿಯಲ್ಲಿ ಎರಡು ದಿನವಾದರೂ ಅಲುಗುವುದಿಲ್ಲ. ಓವನ್ನಿನಲ್ಲಿ ‘ಹಕ್ಕೊ’ (ಹುದುಗು) ಗುಂಡಿಯಿದ್ದರೆ 30ರಿಂದ 35 ಡಿಗ್ರಿಗೆ ಇಡಿ. ಅದರ ಟೈಮರು ಬೇಗ ಮುಗಿಯುತ್ತದೆ, ಮತ್ತೆ ಹಾಕಬೇಕಾಗುತ್ತದೆ.

ಗ್ರೈಂಡರು, ಮಿಕ್ಸಿ, ವಾಷಿಂಗ್ ಮಷಿನ್ನು ರಾತ್ರಿ ಒಂಬತ್ತರ ಮೇಲೆ, ಬೆಳಿಗ್ಗೆ ಏಳರ ಮೊದಲು ಬೇಡ. ಕೆಳಗಿನ ಮನೆಯವರು ನೇರ ಬಂದು ಹೇಳುವುದಿಲ್ಲ; ಮ್ಯಾನೇಜ್‌ಮೆಂಟ್ ಕಂಪನಿಯಿಂದ ‘ಈಚೆಗೆ ಸದ್ದಿನ ಬಗ್ಗೆ ದೂರು ಬಂದಿದೆ’ ಎಂಬ ಚೀಟಿ ಎಲ್ಲರ ಅಂಚೆ ಡಬ್ಬಿಗೂ ಬೀಳುತ್ತದೆ. ಅದು ನಿಮಗೇ ಎಂದು ತಿಳಿದುಕೊಳ್ಳಿ. ಮನೆಗೆ ಬಂದ ವಾರದೊಳಗೆ ಅಕ್ಕಪಕ್ಕ, ಮೇಲೆ ಕೆಳಗೆ 500ರಿಂದ 1000 ಯೆನ್ನಿನ ಟವೆಲ್ಲೋ ಸಾಬೂನೋ ಕೊಟ್ಟು ‘ಮಕ್ಕಳಿದ್ದಾರೆ, ಸದ್ದಾಗಬಹುದು’ ಎಂದು ಹೇಳಿಬಂದರೆ ಅರ್ಧ ದೂರು ಕಡಿಮೆ.

ಕಸ

ಬೇರೆಲ್ಲ ತಪ್ಪನ್ನು ಇಲ್ಲಿನವರು ‘ಹೊಸಬರು’ ಎಂದು ಮನ್ನಿಸುತ್ತಾರೆ, ಕಸದ ತಪ್ಪನ್ನು ಮನ್ನಿಸುವುದಿಲ್ಲ. ವಾರ್ಡಿನಿಂದ ಚಿತ್ರವಿರುವ ಕಸದ ಕ್ಯಾಲೆಂಡರು ತಂದು ಫ್ರಿಜ್ಜಿಗೆ ಅಂಟಿಸಿ. ಇಂಗ್ಲಿಷಿನದೂ ಸಿಗುತ್ತದೆ. ಟೋಕಿಯೊದ 23 ವಾರ್ಡುಗಳಲ್ಲಿ ಮೊಯೆರು ಗೊಮಿ (ಸುಡುವ ಕಸ) ಸಾಮಾನ್ಯವಾಗಿ ವಾರಕ್ಕೆ ಎರಡು ಸಲ, ಮೊಯೆನಾಯ್ ಗೊಮಿ (ಸುಡದ್ದು) ತಿಂಗಳಿಗೆ ಎರಡು ಸಲ, ಬಾಟಲಿ, ಡಬ್ಬಿ, ಕಾಗದ ವಾರಕ್ಕೊಮ್ಮೆ. ಬೆಳಿಗ್ಗೆ ಎಂಟರೊಳಗೆ, ಆ ದಿನವೇ ಇಡಬೇಕು. ಹಿಂದಿನ ರಾತ್ರಿ ಇಟ್ಟರೆ ನಸುಕಿನಲ್ಲಿ ಕಾಗೆ ಹರಿದು ಬೀದಿಯೆಲ್ಲ ಹರಡುತ್ತದೆ. ನೀಲಿ ಬಲೆಯ ಕೆಳಗೆ ಚೀಲವನ್ನು ಪೂರ್ತಿ ತಳ್ಳಿ. ಪಾರದರ್ಶಕ ಚೀಲವಿದ್ದರೆ ಸಾಕು. ಇನ್ನು ಕೆಲವು ಊರುಗಳಲ್ಲಿ ನಗರಸಭೆಯದೇ ಚೀಲ ಕೊಳ್ಳಬೇಕು.

ಅಡುಗೆ ಕಸ ಸುಡುವ ಕಸಕ್ಕೆ ಸೇರುತ್ತದೆ. ಒದ್ದೆಯಿದ್ದರೆ ಕುಲುಮೆಗೆ ತೊಂದರೆ, ಹಿಂಡಿ ಹಾಕಿ. ಹುಣಸೆ ಸಿಪ್ಪೆ, ತೆಂಗಿನ ನಾರು ಸಹ ಅಲ್ಲಿಗೇ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಗಟ್ಟಿ ಮಾಡುವ ಪುಡಿ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ಎಣ್ಣೆ ಬಿಸಿಯಿರುವಾಗಲೇ ಕಲಸಿ, ಆರಿ ಹೆಪ್ಪಾದ ಮೇಲೆ ಎತ್ತಿ ಸುಡುವ ಕಸಕ್ಕೆ ಹಾಕಿ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಮತ್ತು ಲೇಬಲ್ ತೆಗೆದು, ತೊಳೆದು, ತುಳಿದು ಚಪ್ಪಟೆ ಮಾಡಿ. ಹಾಲಿನ ಪೊಟ್ಟಣ ತೊಳೆದು, ಕತ್ತರಿಸಿ ಬಿಡಿಸಿ, ಒಣಗಿಸಿ. ಲಿಥಿಯಂ ಬ್ಯಾಟರಿ ಕಸಕ್ಕೆ ಬಿದ್ದರೆ ಲಾರಿಯಲ್ಲೇ ಬೆಂಕಿ ಹತ್ತುತ್ತದೆ, ವಾರ್ಡು ಹೇಳಿದ ಪೆಟ್ಟಿಗೆಗೇ ಹಾಕಿ. ಸುಮಾರು 30 ಸೆಂಟಿಮೀಟರು ಮೀರಿದ್ದೆಲ್ಲ ಸೊದಾಯ್ ಗೊಮಿ: ಮೊದಲು ಫೋನಿನಲ್ಲೋ ಅಂತರ್ಜಾಲದಲ್ಲೋ ದಿನ ಗೊತ್ತು ಮಾಡಿ, ಅವರು ಹೇಳಿದ ಬೆಲೆಯ ಸ್ಟಿಕರನ್ನು ಕೊಂಬಿನಿಯಲ್ಲಿ (ಬೀದಿ ಬೀದಿಯಲ್ಲಿರುವ ಸಣ್ಣ ದಿನಸಿ ಅಂಗಡಿ) ಕೊಂಡು ಅಂಟಿಸಿ, ಆ ದಿನ ಹೊರಗಿಡಬೇಕು. ಟಿವಿ, ಎಸಿ, ಫ್ರಿಜ್ಜು, ವಾಷಿಂಗ್ ಮಷಿನ್ನನ್ನು ವಾರ್ಡು ಮುಟ್ಟುವುದೇ ಇಲ್ಲ. ಹೊಸದು ಕೊಂಡ ಅಂಗಡಿಗೆ ಮರುಬಳಕೆ ಶುಲ್ಕ ಕೊಟ್ಟು ಒಪ್ಪಿಸಬೇಕು.

ಗೌರಿ ಗಣೇಶ ಹಬ್ಬದ ಸಂಗತಿಯನ್ನೂ ಇಲ್ಲೇ ಹೇಳಬೇಕು. ನದಿ, ಕಡಲಿನಲ್ಲಿ ಮೂರ್ತಿ ಬಿಡುವಂತಿಲ್ಲ. ಬಕೆಟ್ಟಿನಲ್ಲಿ ಕರಗಿಸಿದರೆ ಉಳಿಯುವ ಮಣ್ಣನ್ನು ಸಾಮಾನ್ಯವಾಗಿ ಕಸದವರು ಒಯ್ಯುವುದಿಲ್ಲ. ಅರಿಸಿನದ ಅಥವಾ ಹಿಟ್ಟಿನ ಪುಟ್ಟ ಗಣಪ ಮಾಡುವುದು, ಇಲ್ಲವೇ ಮಣ್ಣನ್ನು ನಿಮ್ಮದೇ ಹೂಕುಂಡಕ್ಕೆ ಹಾಕುವುದು ಸುಲಭ.

ಹೊರಗಡೆ ಊಟ

‘ಮಾಂಸವಿಲ್ಲ’ ಎಂದರೆ ಇಲ್ಲಿ ತುಂಡು ಕಾಣುವುದಿಲ್ಲ ಎಂದಷ್ಟೇ ಅರ್ಥ. ಸಾರಿನ ಬುಡದಲ್ಲಿ ದಾಶಿ (ರುಚಿಗೆ ಹಾಕುವ ತಿಳಿರಸ) ಇರುತ್ತದೆ, ಹೆಚ್ಚಾಗಿ ಒಣ ಕಾತ್ಸುವೊ ಮೀನಿನದು. ಮಿಸೊ ಸೂಪು, ಉದೊನ್ (ದಪ್ಪ ಶಾವಿಗೆ) ಸಾರು, ಬೇಯಿಸಿದ ತರಕಾರಿ, ನಾತ್ತೊ (ಹುದುಗಿಸಿದ ಸೋಯಾ ಕಾಳು) ಜೊತೆಗಿನ ಪೊಟ್ಟಣ ಎಲ್ಲದರಲ್ಲೂ ಅದೇ. ಅಂಗಡಿಯ ಕರಿ ಮಸಾಲೆ ಗಟ್ಟಿಗಳಲ್ಲಿ ಸಾಮಾನ್ಯವಾಗಿ ದನದ ಅಥವಾ ಹಂದಿಯ ಕೊಬ್ಬಿರುತ್ತದೆ. ಪೊಟ್ಟಣದ ಮೇಲಿನ ಅಲರ್ಜಿ ಚೌಕ ನೋಡಿ ಸಮಾಧಾನಪಡಬೇಡಿ: ಮೊಟ್ಟೆ, ಹಾಲು, ಗೋಧಿ, ಸಿಗಡಿ, ಏಡಿ ಬರೆಯುವುದು ಕಡ್ಡಾಯ, ಮೀನು ಮತ್ತು ಹಂದಿ ಆ ಕಡ್ಡಾಯ ಪಟ್ಟಿಯಲ್ಲಿಲ್ಲ. ಒಳವಸ್ತುಗಳ ಪಟ್ಟಿಯಲ್ಲಿ ನಿಕು (ಮಾಂಸ), ಬುತಾ (ಹಂದಿ), ಗ್ಯು (ದನ), ತೊರಿ (ಕೋಳಿ), ಕಾತ್ಸುವೊ, ರಾದೊ (ಹಂದಿ ಕೊಬ್ಬು), ಜೆರಾಚಿನ್ (ಜೆಲಟಿನ್) ಪದಗಳನ್ನು ಫೋನಿನ ಕ್ಯಾಮೆರಾ ಅನುವಾದದಲ್ಲಿ ಹುಡುಕಿ. ಹೋಟೆಲಿನಲ್ಲಿ ‘ಬೆಜಿತಾರಿಯನ್’ ಎನ್ನುವುದಕ್ಕಿಂತ ಇದನ್ನು ಹೇಳಿ: ‘ನಿಕು ತೊ ಸಕಾನಾ ವಾ ತಾಬೆರಾರೆಮಾಸೆನ್. ಕಾತ್ಸುವೊ ದಾಶಿ ಮೊ ತಾಬೆರಾರೆಮಾಸೆನ್.’ (ಮಾಂಸ, ಮೀನು ತಿನ್ನಲಾಗದು. ಕಾತ್ಸುವೊ ದಾಶಿಯೂ ಆಗದು.) ಕೊಂಬು ದಾಶಿ ಕಡಲ ಪಾಚಿಯದು, ಅಡ್ಡಿಯಿಲ್ಲ. ಟಿಪ್ಸ್ ಕೊಡಬೇಡಿ, ಮರೆತು ಹೋದಿರೆಂದು ಬೆನ್ನಟ್ಟಿ ಬಂದು ಕೊಡುತ್ತಾರೆ.

ಮಾತು

ಜಪಾನಿ ಅಕ್ಷರಮಾಲೆ ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ ಎಂದು ಸಾಗುತ್ತದೆ. ಬೌದ್ಧರ ಜೊತೆ ಹೋದ ಸಂಸ್ಕೃತ ವರ್ಣಮಾಲೆಯ ಕ್ರಮ ಅದು. ವಾಕ್ಯವೂ ನಮ್ಮಂತೆಯೇ, ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ನಂತರ. ಇಂಗ್ಲಿಷಿನಲ್ಲಿ ಯೋಚಿಸದೆ ಕನ್ನಡದಲ್ಲಿ ಯೋಚಿಸಿ ಪದ ಬದಲಿಸಿದರೆ ಬೇಗ ಬರುತ್ತದೆ. ಅನಿಮೆಯಿಂದ ಕಲಿತ ‘ಒಮಾಎ’, ‘ಕಿಸಾಮಾ’ ಮಾತ್ರ ಬಾಯಿಗೆ ಬರದಿರಲಿ. ಗುರುತಿಲ್ಲದವರನ್ನು ‘ಲೋ’ ಎಂದಂತೆ ಆಗುತ್ತದೆ. ಬೇರೆಯವರ ಹೆಸರಿಗೆ ಗೌರವದ ‘ಸಾನ್’ ಸೇರಿಸಿ, ನಿಮ್ಮ ಹೆಸರಿಗೆ ಸೇರಿಸಬೇಡಿ.

‘ಚೊತ್ತೊ...’ ಎಂದು ಎಳೆದು ಸುಮ್ಮನಾದರೆ ಆಗುವುದಿಲ್ಲ ಎಂದರ್ಥ. ‘ಕೆಂತೊ ಶಿಮಾಸು’ (ಪರಿಶೀಲಿಸುತ್ತೇವೆ) ಎಂದರೂ ಬಹುಪಾಲು ಅದೇ. ನಮ್ಮಲ್ಲಿ ‘ನೋಡೋಣ’ ಎನ್ನುವುದಿಲ್ಲವೇ, ಹಾಗೆ. ರೈಲಿನಲ್ಲಿ ಫೋನು ಮೂಕವಾಗಿರಲಿ. ಬೀದಿಯಲ್ಲಿ ಕಸದ ಡಬ್ಬಿಗಳು 1995ರ ಸುರಂಗ ರೈಲಿನ ಸರಿನ್ (ವಿಷಾನಿಲ) ದಾಳಿಯ ನಂತರ ಬಹಳಷ್ಟು ಕಡೆ ಮಾಯವಾದವು. ಚೀಲದಲ್ಲೊಂದು ಖಾಲಿ ಚೀಲ ಇಟ್ಟುಕೊಂಡು ಮನೆಗೆ ತನ್ನಿ.

ಮಕ್ಕಳು, ಸಂಜೆಯ ಹಾಡು, ಭೂಕಂಪ

ಶಾಲಾ ವರ್ಷ ಏಪ್ರಿಲ್‌ನಿಂದ. ಏಪ್ರಿಲ್ 1ಕ್ಕೆ ಆರು ತುಂಬಿರುವ ಮಗು ಆ ವರ್ಷ ಒಂದನೇ ತರಗತಿಗೆ. ವಿದೇಶಿ ಮಕ್ಕಳಿಗೆ ಕಡ್ಡಾಯವಿಲ್ಲ, ನೀವೇ ವಾರ್ಡಿನಲ್ಲಿ ಅರ್ಜಿ ಕೊಡಬೇಕು. ಸರ್ಕಾರಿ ಶಾಲೆಯಲ್ಲಿ ಶುಲ್ಕವಿಲ್ಲ, ಪಠ್ಯಪುಸ್ತಕ ಉಚಿತ. ಮಧ್ಯಾಹ್ನದ ಊಟ ಸಸ್ಯಾಹಾರಿಗಳಿಗೆ ಹೊಂದುವುದಿಲ್ಲ. ಸೇರುವ ಮೊದಲೇ ಹೇಳಿದರೆ ಹಲವು ಶಾಲೆಗಳು ಮನೆಯ ಡಬ್ಬಿಗೆ ಒಪ್ಪುತ್ತವೆ. ಮಕ್ಕಳು ತಾವೇ ನಡೆದು ಹೋಗುವುದು ಕಾಣುವಷ್ಟು ಬಿಡುಬೀಸಲ್ಲ: ದಾರಿಯನ್ನು ಶಾಲೆಯೇ ಗೊತ್ತು ಮಾಡಿರುತ್ತದೆ, ತಿರುವುಗಳಲ್ಲಿ ಬಾವುಟ ಹಿಡಿದ ಹಿರಿಯರಿರುತ್ತಾರೆ, ಚೀಲಕ್ಕೆ ಎಳೆದರೆ ಕಿರುಚುವ ಬಜರ್ ತೂಗಿರುತ್ತದೆ.

ಸಂಜೆ ಐದರ ಸುಮಾರಿಗೆ ಕೇಳುವ ಹಾಡು ಮಕ್ಕಳಿಗೆ ಮನೆಗೆ ಹೊರಡುವ ಸೂಚನೆ. ಚಳಿಗಾಲದಲ್ಲಿ ಕೆಲವೆಡೆ ನಾಲ್ಕೂವರೆಗೇ ಕೇಳುತ್ತದೆ. ಅದರ ನಿಜವಾದ ಕೆಲಸ ವಿಪತ್ತಿನ ಧ್ವನಿವರ್ಧಕ ಸರಿಯಿದೆಯೇ ಎಂದು ದಿನವೂ ಪರೀಕ್ಷಿಸುವುದು.

ಭೂಕಂಪದ ಸುದ್ದಿಯಲ್ಲಿ ಹೇಳುವ ‘ಶಿಂದೊ’ ರಿಕ್ಟರ್ ಅಲ್ಲ, ನೀವಿರುವ ಜಾಗ ಎಷ್ಟು ಅಲುಗಿತು ಎಂಬುದು. 0ರಿಂದ 7ರವರೆಗೆ, 5 ಮತ್ತು 6ರಲ್ಲಿ ಕೆಳ, ಮೇಲೆಂದು ಎರಡೆರಡು. ತಲೆಗೆ ಒಂದು ದಿನಕ್ಕೆ 3 ಲೀಟರಿನಂತೆ ಕನಿಷ್ಠ ಮೂರು ದಿನದ ನೀರು ಮನೆಯಲ್ಲಿರಲಿ. ಬೆಂಕಿ, ಆಂಬುಲೆನ್ಸ್ 119, ಪೊಲೀಸ್ 110, ಕುಟುಂಬಕ್ಕೆ ಸಂದೇಶ ಬಿಡಲು 171.

ಶಿಂದೊ 5ರ ಸುಮಾರಿಗೆ ಗ್ಯಾಸ್ ಮೀಟರು ತಾನೇ ನಿಲ್ಲುತ್ತದೆ. ಒಲೆ ಹತ್ತದಿದ್ದರೆ ಕೆಟ್ಟಿತೆಂದು ತಿಳಿಯಬೇಡಿ. ಮೊದಲು ವಾಸನೆ ನೋಡಿ. ಗ್ಯಾಸಿನ ವಾಸನೆಯಿದ್ದರೆ ಸ್ವಿಚ್ಚು ಮುಟ್ಟದೆ, ಕಿಟಕಿ ತೆಗೆದು, ಹೊರಗೆ ಬಂದು ಗ್ಯಾಸ್ ಕಂಪನಿಗೆ ಕರೆ ಮಾಡಿ. ವಾಸನೆಯಿಲ್ಲದಿದ್ದರೆ ಒಲೆ, ಗೀಸರ್ ಎಲ್ಲ ಆರಿಸಿ, ಬಾಗಿಲ ಪಕ್ಕದ ಮೀಟರಿನ ಕಪ್ಪು ಮುಚ್ಚಳ ತಿರುಗಿಸಿ ತೆಗೆಯಿರಿ, ಒಳಗಿನ ಗುಂಡಿಯನ್ನು ಗಟ್ಟಿಯಾಗಿ ಒತ್ತಿ ಕೆಂಪು ದೀಪ ಹತ್ತಿದ ಮೇಲೆ ಬಿಡಿ, ಮೂರು ನಿಮಿಷ ಗ್ಯಾಸ್ ಬಳಸದೆ ಕಾಯಿರಿ. ದೀಪ ಮಿಣುಕುವುದು ನಿಂತರೆ ಒಲೆ ಹಚ್ಚಬಹುದು.