ಔಷಧ ಒಳಗೆ ಹೋಗಲಿಲ್ಲ, ಹೊರಗೆ ಉಪ್ಪು ಉಳಿದಿತ್ತು

ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಕ್ಯಾನ್ಸರ್ ಔಷಧವನ್ನು ಲಿಪೊಸೋಮ್‌ಗಳಲ್ಲಿ, ಅಂದರೆ ಕೊಬ್ಬಿನ ಪೊರೆಯ ಅತಿಸಣ್ಣ ಟೊಳ್ಳು ಗೋಳಗಳಲ್ಲಿ, ತುಂಬಲು ನಾನು ಮೊದಲು ಹಿಡಿದದ್ದು ಸುಲಭದ ದಾರಿ. ಆ ಪೊರೆಯಾಗುವ ಕೊಬ್ಬು, ಲಿಪಿಡ್, ನೆನೆಯುವ ನೀರಿಗೇ ಔಷಧವನ್ನು ಬೆರೆಸಿದೆ. ಗೋಳಗಳು ಮುಚ್ಚಿಕೊಳ್ಳುವಾಗ ಒಳಗೆ ಸಿಕ್ಕಿಬಿದ್ದದ್ದು ಅತ್ಯಲ್ಪ. ದುಬಾರಿ ಔಷಧದ ಬಹುಪಾಲು ಹೊರಗೇ ಉಳಿಯಿತು.

ಆಮೇಲೆ ಅಮೋನಿಯಂ ಸಲ್ಫೇಟ್ ವಿಧಾನಕ್ಕೆ ಬಂದೆ. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾಕ್ಸಿಲ್ (ಇದೇ ಔಷಧದ ಲಿಪೊಸೋಮ್ ರೂಪ) ಕೂಡ ಇದನ್ನೇ ನೆಚ್ಚಿಕೊಂಡಿದೆ. ಲಿಪಿಡ್ ಮತ್ತು ಕೊಲೆಸ್ಟರಾಲನ್ನು ಕ್ಲೋರೊಫಾರ್ಮ್‌ನಲ್ಲಿ ಕರಗಿಸಿ, ಅದನ್ನು ಆವಿಯಾಗಿಸಿ, ಫ್ಲಾಸ್ಕಿನ ಗೋಡೆಗೆ ಅಂಟಿದ ತೆಳುಪದರಕ್ಕೆ 250 ಮಿಲಿಮೋಲಾರ್ ಅಮೋನಿಯಂ ಸಲ್ಫೇಟ್ ಸುರಿದೆ. ಹಾಲಿನಂಥ ಆ ದ್ರವವನ್ನು 60 ಡಿಗ್ರಿ ಬಿಸಿಯಲ್ಲೇ 100 ನ್ಯಾನೊಮೀಟರ್ ರಂಧ್ರಗಳ ಪೊರೆಯ ಮೂಲಕ ಒಂದು ಸಿರಿಂಜಿನಿಂದ ಇನ್ನೊಂದಕ್ಕೆ ತಳ್ಳಬೇಕು. ಮೊದಲ ಸಲ ಹೆಬ್ಬೆರಳು ನೋಯುತ್ತದೆ. ಹನ್ನೊಂದನೆಯ ಸಲಕ್ಕೆ ಕೈ ಹಗುರ, ಬಿಳುಪು ಕರಗಿ ನಸುನೀಲಿ ಹೊಳಪು. ಎಣಿಕೆ ಬೆಸಸಂಖ್ಯೆಯಲ್ಲೇ ಮುಗಿಯಬೇಕು. ಇಲ್ಲವಾದರೆ ಮೊದಲ ಸಿರಿಂಜಿನಲ್ಲಿ ಉಳಿದ ದೊಡ್ಡ ಗೋಳಗಳು ಮತ್ತೆ ಬೆರೆಯುತ್ತವೆ.

ಇಲ್ಲಿಯವರೆಗೆ ಎಲ್ಲವೂ ಸರಿಯಿತ್ತು. ಗೋಳಗಳ ಹೊರಗಿನ ಉಪ್ಪನ್ನು ಪೊರೆಯ ಮೂಲಕ ತೊಳೆದು ತೆಗೆಯುವ ಡಯಾಲಿಸಿಸ್‌ನಲ್ಲಿ ಆತುರಪಟ್ಟೆ: ಎರಡೇ ಗಂಟೆ, ದ್ರವ ಬದಲಿಸಿದ್ದು ಒಂದೇ ಸಲ. ಔಷಧ ಸೇರಿಸಿ ಬಿಸಿಮಾಡಿ, ದೊಡ್ಡ ಗೋಳಗಳನ್ನು ಮೊದಲು, ಬಿಡಿ ಔಷಧವನ್ನು ಆಮೇಲೆ ಇಳಿಸುವ ಜೆಲ್ ಕಾಲಂಗೆ ಹಾಕಿದಾಗ ಲಿಪೊಸೋಮ್‌ಗಳ ಮಬ್ಬು ಪಟ್ಟೆ ಪೇಲವವಾಗಿ ಮುಂದೆ ಇಳಿಯಿತು, ದಟ್ಟ ಕೆಂಪು ಹಿಂದೆಯೇ ಉಳಿಯಿತು. ಒಂದು ವಾರ ಲಿಪಿಡ್ಡನ್ನೂ ತಾಪವನ್ನೂ ಅನುಮಾನಿಸಿದೆ.

ತಪ್ಪಿದ್ದದ್ದು ಹೊರಗಿನ ನೀರಿನಲ್ಲಿ. ಒಳಗೆ ಅಮೋನಿಯಂ ಸಲ್ಫೇಟ್ ಉಪ್ಪಿದ್ದು ಹೊರಗೆ ಇಲ್ಲದಿದ್ದರೆ ಮಾತ್ರ ಅಮೋನಿಯಾ ಪೊರೆ ದಾಟಿ ಹೊರಬೀಳುತ್ತದೆ, ಪ್ರೋಟಾನ್ ಒಳಗೇ ಉಳಿದು ಆಮ್ಲೀಯತೆ ಹೆಚ್ಚುತ್ತದೆ. ವಿದ್ಯುದಾವೇಶವಿಲ್ಲದ ಡಾಕ್ಸೊರುಬಿಸಿನ್ ಒಳನುಗ್ಗಿ, ಅಲ್ಲಿ ಪ್ರೋಟಾನ್ ಹಿಡಿದು, ಸಲ್ಫೇಟ್ ಜೊತೆ ಹರಳುಗಟ್ಟುತ್ತದೆ, ಮರಳಿ ಬರಲಾರದು. ನನ್ನ ಲಿಪೊಸೋಮ್‌ಗಳಿಗೆ ಆ ವ್ಯತ್ಯಾಸವನ್ನೇ ನಾನು ಕೊಟ್ಟಿರಲಿಲ್ಲ.

ಮುಂದಿನ ಸಲ ಉಪ್ಪಿಲ್ಲದ ಸುಕ್ರೋಸ್ (ಸಕ್ಕರೆ) ದ್ರಾವಣದಲ್ಲಿ ಡಯಾಲಿಸಿಸ್‌ಗೆ ರಾತ್ರಿಯಿಡೀ ಇಟ್ಟು ಮೂರು ಸಲ ಬದಲಿಸಿದೆ. ಕೆಂಪೆಲ್ಲ ಮೊದಲ ಪಟ್ಟೆಯೊಡನೆಯೇ ಇಳಿಯಿತು. ಕಾಲಂ ಎದುರು ಬಹಳ ಹೊತ್ತು ನಿಂತಿದ್ದೆ.

ಬಿಡುಗಡೆಯನ್ನು ಅಳೆಯುವುದು ಸುಲಭ: ಒಳಗೆ ಒತ್ತಾಗಿರುವಾಗ ಈ ಔಷಧದ ಪ್ರತಿದೀಪ್ತಿ (ಬೆಳಕು ಬಿದ್ದಾಗ ಹೊಮ್ಮುವ ಹೊಳಪು) ಅಡಗಿರುತ್ತದೆ, ಸೋರಿದಂತೆ ಹೊಳೆಯುತ್ತದೆ. ಕೊನೆಗೆ ಟ್ರೈಟಾನ್ ಎಂಬ ಮಾರ್ಜಕ ಹಾಕಿ ಎಲ್ಲ ಗೋಳಗಳನ್ನೂ ಒಡೆದು, ಅದನ್ನೇ ನೂರು ಶೇಕಡಾ ಎಂದು ಹಿಡಿಯುತ್ತೇನೆ. ಬರೀ ಬಫರಿನಲ್ಲಿ 37 ಡಿಗ್ರಿಗೆ ಏನೂ ಸೋರದಿದ್ದರೆ ಹಿಗ್ಗಬೇಡಿ, ಸೀರಮ್ ಬೆರೆಸಿಯೂ ನೋಡಿ. ಗುರಿ ತಲುಪಿದ ಮೇಲೂ ಬಿಟ್ಟುಕೊಡದ ವಾಹಕದಿಂದ ರೋಗಿಗೆ ಪ್ರಯೋಜನವಿಲ್ಲ.

ಈಗ ಔಷಧದ ಬಾಟಲಿ ತೆರೆಯುವ ಮುನ್ನ ಡಯಾಲಿಸಿಸ್‌ನ ಕೊನೆಯ ದ್ರವದ ವಿದ್ಯುದ್ವಾಹಕತೆ ಅಳೆಯುತ್ತೇನೆ; ಉಪ್ಪು ಉಳಿದಿದ್ದರೆ ಅದು ಹೆಚ್ಚಿರುತ್ತದೆ. ತಾಜಾ ಸುಕ್ರೋಸ್ ದ್ರಾವಣದ ಮಟ್ಟಕ್ಕೆ ಅದು ಇಳಿಯುವವರೆಗೆ ಬಾಟಲಿ ಮುಚ್ಚಿಯೇ ಇರುತ್ತದೆ.